ಕೀಟೊ ಊಟದಲ್ಲಿ ಉಪ್ಪಿನ ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ಗಲ್ಫ್‌ನಿಂದ ಊರಿಗೆ ಬಂದಿದ್ದ ನನ್ನ ಸಣ್ಣ ಮಾವ ತೂಕ ಇಳಿಸುವ ಹಠಕ್ಕೆ ಬಿದ್ದರು. ಮದುವೆಗೆ ಎರಡೇ ತಿಂಗಳಿತ್ತು. ಮೊಬೈಲ್‌ನಲ್ಲಿ ವೀಡಿಯೊ ನೋಡಿ ಕೀಟೊ ಡಯಟ್ ಶುರು ಮಾಡಿದರು. ಗಂಜಿ, ಅನ್ನ, ರೊಟ್ಟಿ, ಸಕ್ಕರೆ ಎಲ್ಲವೂ ಬಂದ್. ಮೊಟ್ಟೆ, ಮೀನು, ಕೋಳಿ, ಬೆಣ್ಣೆ, ತೆಂಗಿನೆಣ್ಣೆ ಮಾತ್ರ. "ಪಥ್ಯ ಅಂದ ಮೇಲೆ ಉಪ್ಪೂ ಕಡಿಮೆ ಇರಲಿ" ಎಂದು ಉಮ್ಮನಿಗೆ ಹೇಳಿ ಮೀನನ್ನೂ ಸಪ್ಪೆಯಾಗಿಯೇ ಕಾಯಿಸಿಕೊಂಡರು. ದಿನಕ್ಕೆ ನಾಲ್ಕು ಲೀಟರ್ ನೀರು ಬೇರೆ.

ಐದು ದಿನಕ್ಕೆ ಮೂರು ಕಿಲೋ ಇಳಿಯಿತು. ಮನೆಯವರೆಲ್ಲ ಬೆರಗಾದೆವು. ಆರನೆಯ ದಿನ ತಲೆನೋವು, ಸುಸ್ತು, ರಾತ್ರಿ ಮೀನಖಂಡದಲ್ಲಿ ಸೆಳೆತ. ಎಂಟನೆಯ ದಿನ ಸುಬಹ್ ನಮಾಝಿಗೆಂದು ಹಾಸಿಗೆಯಿಂದ ಎದ್ದವರಿಗೆ ಕಣ್ಣು ಕತ್ತಲೆ ಬಂತು. ಬಾಗಿಲ ದಾರಂದಕ್ಕೆ ಹಣೆ ಬಡಿದು ಬಿದ್ದರು. ಮೂರು ಹೊಲಿಗೆ ಬಿತ್ತು. ಡಾಕ್ಟರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ನೋಡಿದರು. ನಿಂತಾಗ ಅದು ತುಂಬಾ ಕೆಳಗಿಳಿದಿತ್ತು. ಅವರು ಕೇಳಿದ ಪ್ರಶ್ನೆ ಒಂದೇ: "ಉಪ್ಪು ಬಿಟ್ಟಿದ್ದೀರಾ?"

ಉಪ್ಪು ಕಡಿಮೆ ತಿನ್ನಿ ಎಂದೇ ಎಲ್ಲರೂ ಹೇಳುವಾಗ ಈ ಪ್ರಶ್ನೆ ಏಕೆ? ಉತ್ತರ ನಮ್ಮ ಪ್ರಥಮ ಪಿಯುಸಿ ಜೀವಶಾಸ್ತ್ರದ ವಿಸರ್ಜನೆಯ ಪಾಠದಲ್ಲಿಯೇ ಇದೆ.

ಕೀಟೊ ಎಂದರೇನು?

ಈ ಆಹಾರ ಕ್ರಮ ಹುಟ್ಟಿದ್ದು ತೂಕ ಇಳಿಸಲಿಕ್ಕಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಡಾ. ರಸೆಲ್ ವೈಲ್ಡರ್ ಅವರು ಮೂರ್ಛೆರೋಗದ ಚಿಕಿತ್ಸೆಗಾಗಿ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ಇಂದಿಗೂ ವೈದ್ಯರ ನಿಗಾದಲ್ಲಿ ಇದನ್ನು ಕೊಡುತ್ತಾರೆ. ಇದರಲ್ಲಿ ಕಾರ್ಬೋಹೈಡ್ರೇಟ್ ದಿನಕ್ಕೆ ಸುಮಾರು 20ರಿಂದ 50 ಗ್ರಾಂ ಮಾತ್ರ. ಗ್ಲೂಕೋಸ್ ಸಾಲದಾದಾಗ ಯಕೃತ್ತು ಕೊಬ್ಬಿನಿಂದ ಕೀಟೋನ್‌ಗಳನ್ನು ತಯಾರಿಸುತ್ತದೆ. ಮೆದುಳು ಮತ್ತು ಸ್ನಾಯುಗಳು ಅದನ್ನು ಇಂಧನವಾಗಿ ಬಳಸುತ್ತವೆ.

ಉಪ್ಪು ಹೋಗುವುದೆಲ್ಲಿಗೆ?

ಮೊದಲನೆಯ ಕಾರಣ ಇನ್ಸುಲಿನ್. ಅದರ ಕೆಲಸ ರಕ್ತದ ಸಕ್ಕರೆಯನ್ನು ನಿಯಂತ್ರಿಸುವುದು ಎಂದಷ್ಟೇ ನಾವು ಓದಿರುತ್ತೇವೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ: ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಕ್ಕೆ ಸೂಚಿಸುವುದು. ಕಾರ್ಬೋಹೈಡ್ರೇಟ್ ಬಿಟ್ಟಾಗ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಆಗ ಮೂತ್ರಪಿಂಡ ಸೋಡಿಯಂ ಅನ್ನು ಮೂತ್ರದಲ್ಲಿ ಬಿಟ್ಟುಬಿಡುತ್ತದೆ. ಸೋಡಿಯಂ ಹೋದಲ್ಲಿಗೆ ನೀರೂ ಹೋಗುತ್ತದೆ.

ಎರಡನೆಯದು ಗ್ಲೈಕೋಜನ್. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 500 ಗ್ರಾಂ ಗ್ಲೈಕೋಜನ್ ಸಂಗ್ರಹವಿರುತ್ತದೆ. ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಈ ಸಂಗ್ರಹ ಕರಗಿದಂತೆ ಆ ನೀರೂ ಹೊರಗೆ. ಮಾವನ ಮೂರು ಕಿಲೋದಲ್ಲಿ ಹೆಚ್ಚಿನದು ಕೊಬ್ಬಲ್ಲ, ನೀರು!

ಮೂರನೆಯ ಕಾರಣ ನಮ್ಮ ಅಡುಗೆ ಮನೆಯಲ್ಲಿದೆ. ನಾವು ಉಪ್ಪನ್ನು ಬರಿದೇ ತಿನ್ನುವುದಿಲ್ಲ. ಅದು ಅನ್ನದ ಜೊತೆ ಬರುತ್ತದೆ. ಗಂಜಿ ಇದ್ದರೆ ಉಪ್ಪಿನಕಾಯಿ, ಅನ್ನ ಇದ್ದರೆ ಸಾರು, ಚಹಾ ಇದ್ದರೆ ಖಾರದ ಮಿಕ್ಸ್ಚರ್. ಅನ್ನ ಬಿಟ್ಟರೆ ಸಾರೂ ಹೋಯಿತು, ಸಾರಿನ ಉಪ್ಪೂ ಹೋಯಿತು. ಅಂದರೆ ಹೊರಹೋಗುವುದು ಹೆಚ್ಚಾದ ಹೊತ್ತಿನಲ್ಲೇ ಒಳಬರುವುದು ಕಡಿಮೆಯಾಗುತ್ತದೆ.

ಇದರಿಂದ ರಕ್ತನಾಳಗಳಲ್ಲಿ ದ್ರವದ ಪ್ರಮಾಣ ತಗ್ಗುತ್ತದೆ. ಮಲಗಿದವರು ತಟ್ಟನೆ ಎದ್ದಾಗ ರಕ್ತ ಕಾಲಿನ ಕಡೆ ಇಳಿದು ಮೆದುಳಿಗೆ ಸಾಕಷ್ಟು ತಲುಪುವುದಿಲ್ಲ, ಕಣ್ಣು ಕತ್ತಲಾಗುತ್ತದೆ. ದೇಹವೂ ಸುಮ್ಮನಿರುವುದಿಲ್ಲ. ಅಡ್ರಿನಲ್ ಗ್ರಂಥಿ ಅಲ್ಡೋಸ್ಟಿರೋನ್ ಹಾರ್ಮೋನನ್ನು ಸ್ರವಿಸಿ ಸೋಡಿಯಂ ಉಳಿಸಲು ನೋಡುತ್ತದೆ. ಆದರೆ ಆ ವ್ಯಾಪಾರದಲ್ಲಿ ಪೊಟ್ಯಾಸಿಯಂ ಹೊರಹೋಗುತ್ತದೆ. ಸುಸ್ತು, ಸ್ನಾಯು ಸೆಳೆತಗಳಿಗೆ ಅದೂ ದಾರಿ ಮಾಡಿಕೊಡುತ್ತದೆ. ಈ ಲಕ್ಷಣಗಳನ್ನೇ ಜನ "ಕೀಟೊ ಫ್ಲೂ" ಎನ್ನುತ್ತಾರೆ. ಫ್ಲೂ ಎಂಬ ಹೆಸರಿದ್ದರೂ ಇದು ಸೋಂಕಲ್ಲ.

ಬರೀ ನೀರು ಕುಡಿದರೆ ಸರಿಹೋಗುವುದಿಲ್ಲವೇ? ಇಲ್ಲ. ಉಪ್ಪಿಲ್ಲದೆ ಲೀಟರುಗಟ್ಟಲೆ ನೀರು ಕುಡಿದರೆ ಉಳಿದಿರುವ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ಮಾವ ಮಾಡಿದ್ದು ಇದೇ ತಪ್ಪು. ಬಾಯಾರಿದಷ್ಟು ಕುಡಿದರೆ ಸಾಕು.

ಎಷ್ಟು ಉಪ್ಪು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಇರಬೇಕು. ಅಂದರೆ ಒಂದು ಟೀ ಚಮಚದಷ್ಟು. ಉಪ್ಪಿನಲ್ಲಿ ಶೇ. 39ರಷ್ಟು ಸೋಡಿಯಂ ಇರುವುದರಿಂದ 5 ಗ್ರಾಂ ಉಪ್ಪಿನಲ್ಲಿ ಸಿಗುವ ಸೋಡಿಯಂ ಸುಮಾರು 2 ಗ್ರಾಂ. ಅನ್ನ, ರೊಟ್ಟಿ ತಿನ್ನುವ ನಮ್ಮೆಲ್ಲರಿಗೂ ಈ ಮಿತಿಯೇ ಸರಿ. ನಿಜ ಹೇಳಬೇಕೆಂದರೆ ನಾವು ಇದಕ್ಕಿಂತ ಹೆಚ್ಚೇ ತಿನ್ನುತ್ತಿದ್ದೇವೆ.

ಕೀಟೊ ಆಹಾರದ ಮೇಲೆ ಬಹುಕಾಲ ಸಂಶೋಧನೆ ಮಾಡಿರುವ ಸ್ಟೀಫನ್ ಫಿನ್ನಿ ಮತ್ತು ಜೆಫ್ ವೊಲೆಕ್ ಅವರು ಈ ಕ್ರಮದಲ್ಲಿರುವ ಆರೋಗ್ಯವಂತರಿಗೆ ದಿನಕ್ಕೆ ಒಟ್ಟು 3ರಿಂದ 5 ಗ್ರಾಂ ಸೋಡಿಯಂ ಬೇಕೆನ್ನುತ್ತಾರೆ. ಉಪ್ಪಿನ ಲೆಕ್ಕದಲ್ಲಿ ಇದು ಅಡುಗೆಯ ಉಪ್ಪೂ ಸೇರಿ ಒಂದೂವರೆಯಿಂದ ಎರಡೂವರೆ ಟೀ ಚಮಚ. ಇದು ಆ ಇಬ್ಬರ ಸಲಹೆ. ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಸೋಡಿಯಂ ನಷ್ಟ ಹೆಚ್ಚಿರುವುದು ಮೊದಲ ಒಂದೆರಡು ವಾರ. ಒಂದು ಮಾತು ನೆನಪಿರಲಿ: ಕೀಟೊ ಬಿಟ್ಟು ಅನ್ನಕ್ಕೆ ಮರಳಿದ ದಿನವೇ ಹೆಚ್ಚುವರಿ ಉಪ್ಪನ್ನೂ ಬಿಡಬೇಕು. ಇನ್ಸುಲಿನ್ ಏರಿದ ಕೂಡಲೇ ದೇಹ ಮತ್ತೆ ಉಪ್ಪು, ನೀರನ್ನು ಹಿಡಿದಿಡಲು ಆರಂಭಿಸುತ್ತದೆ.

ಯಾವುದರಲ್ಲಿ ಸೇರಿಸಬಹುದು?

• ಮೂಳೆ ಸೂಪ್ ಅಥವಾ ಕೋಳಿ ಸೂಪ್‌ಗೆ ಉಪ್ಪು ಹಾಕಿ ದಿನಕ್ಕೆ ಒಂದೆರಡು ಲೋಟ ಕುಡಿಯುವುದು ಸುಲಭದ ದಾರಿ. ಜೋಳದ ಹಿಟ್ಟು ಬೆರೆಸಿದ ಹೋಟೆಲ್ ಸೂಪ್ ಬೇಡ.
• ಸಕ್ಕರೆ ಹಾಕದ ಉಪ್ಪು-ನಿಂಬೆ ನೀರು, ಉಪ್ಪು ಹಾಕಿದ ತೆಳು ನೀರುಮಜ್ಜಿಗೆ.
• ನಮ್ಮ ಕರಾವಳಿಯ ಒಣಮೀನು. ಅದರಲ್ಲೇ ಧಾರಾಳ ಉಪ್ಪಿರುವುದರಿಂದ ಮತ್ತೆ ಸೇರಿಸಬೇಕಾಗಿಲ್ಲ.
• ಪೊಟ್ಯಾಸಿಯಂ, ಮೆಗ್ನೀಸಿಯಂಗಾಗಿ ಹರಿವೆ, ಪಾಲಕ್, ಬಸಳೆಯಂಥ ಸೊಪ್ಪು. ಬೇಯಿಸಿದ ನೀರನ್ನು ಚೆಲ್ಲಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಇದ್ದರೂ ಸಕ್ಕರೆಯೂ ಇರುತ್ತದೆ.

ಉಪ್ಪನ್ನು ಊಟಗಳಿಗೆ ಹಂಚಿ ಸೇರಿಸಬೇಕು. ಖಾಲಿ ಹೊಟ್ಟೆಗೆ ಒಂದೇ ಸಲ ಚಮಚ ಉಪ್ಪು ಕದಡಿ ಕುಡಿದರೆ ಭೇದಿಯಾಗಬಹುದು. ದುಬಾರಿ ಗುಲಾಬಿ ಉಪ್ಪೇ ಬೇಕೆಂದೂ ಇಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಅಯೋಡಿನ್ ಬೆರೆಸಿದ ಮಾಮೂಲು ಪುಡಿ ಉಪ್ಪಿನಲ್ಲಿ ಥೈರಾಯ್ಡ್‌ಗೆ ಬೇಕಾದ ಅಯೋಡಿನ್ ಕೂಡ ಸಿಗುತ್ತದೆ. "ಕಡಿಮೆ ಸೋಡಿಯಂ" ಎಂದು ಬರೆದ ಉಪ್ಪಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯಕಾರಿ.

ಯಾರು ಎಚ್ಚರವಾಗಿರಬೇಕು?

ಅಧಿಕ ರಕ್ತದೊತ್ತಡ, ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಈ ಲೇಖನ ಓದಿ ಉಪ್ಪು ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಕೀಟೊ ಶುರುಮಾಡುವುದೇ ಅಪಾಯ. ಔಷಧಿಯ ಪ್ರಮಾಣ ಬದಲಿಸಬೇಕಾಗಬಹುದು. ವಾಂತಿ, ಏದುಸಿರು, ಎದೆಬಡಿತದ ಏರುಪೇರು, ಪ್ರಜ್ಞೆ ತಪ್ಪುವುದು, ಇವು ಕಂಡರೆ ಉಪ್ಪು ನೀರು ಕೊಟ್ಟು ಕಾಯದೆ ಆಸ್ಪತ್ರೆಗೆ ಹೋಗಬೇಕು. ಇನ್ನೂ ಬೆಳೆಯುತ್ತಿರುವ ನಮ್ಮ ವಯಸ್ಸಿನವರು ಗೆಳೆಯರ ಮಾತಿಗೆ ಮರುಳಾಗಿ ಇಂಥ ಪಥ್ಯಕ್ಕೆ ಇಳಿಯದಿರುವುದೇ ಒಳ್ಳೆಯದು. ತೂಕದ ಚಿಂತೆ ಇದ್ದರೆ ಮನೆಯವರೊಂದಿಗೆ ವೈದ್ಯರನ್ನು ಕಾಣಿ.

ಮಾವನಿಗೆ ಬಿ.ಪಿ., ಸಕ್ಕರೆ ಯಾವುದೂ ಇರಲಿಲ್ಲ. ಡಾಕ್ಟರು ಉಪ್ಪು ಹಾಕಿದ ಸೂಪ್ ಕುಡಿಯಲು, ಹಾಸಿಗೆಯಿಂದ ಏಳುವ ಮೊದಲು ಒಂದು ನಿಮಿಷ ಕುಳಿತಿರಲು ಹೇಳಿ ಕಳುಹಿಸಿದರು. ಮೂರು ದಿನದಲ್ಲಿ ತಲೆಸುತ್ತು ನಿಂತಿತು. ಮದುವೆಯ ಫೋಟೊಗಳಲ್ಲಿ ಹಣೆಯ ಗುರುತು ಮಾತ್ರ ಹಾಗೆಯೇ ಕಾಣುತ್ತದೆ. ಈಗ ಯಾರಾದರೂ ಕೀಟೊ ಎಂದರೆ ಮಾವ ಅದನ್ನೇ ತೋರಿಸಿ, "ಮೊದಲು ಡಾಕ್ಟರ ಹತ್ತಿರ ಹೋಗು, ಆಮೇಲೆ ಉಪ್ಪಿನ ಡಬ್ಬ ನೋಡು" ಎನ್ನುತ್ತಾರೆ.