ಬಿಸಿಲು ಬಿದ್ದ ದಿನವೂ ಹಿಮದ ಇಳಿಜಾರು ಬಂದ್ ಏಕೆ?



ಚಳಿಗಾಲದ ರಜೆಯಲ್ಲಿ ಕಾಶ್ಮೀರಕ್ಕೆ ಹೋಗಿಬಂದ ನಮ್ಮವರಿಂದ ಒಂದು ದೂರನ್ನು ಮತ್ತೆ ಮತ್ತೆ ಕೇಳುತ್ತೇವೆ. "ಎರಡು ದಿನ ಚೆನ್ನಾಗಿ ಹಿಮ ಬಿತ್ತು, ಮೂರನೇ ದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಆದರೂ ಗುಲ್ಮಾರ್ಗಿನಲ್ಲಿ ಮೇಲಿನ ಹಂತ ಬಂದ್ ಅಂದುಬಿಟ್ಟರು!" ನೀಲಗಿರಿಯ ಸದಸ್ಯರು ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದನ್ನಾದರೂ ಕಂಡಿದ್ದಾರೆ. ಉಳಿದ ನಮಗೆ ಹಿಮವೆಂದರೆ ಚಿತ್ರದಲ್ಲಿ ನೋಡಿದ್ದೇ ಹೆಚ್ಚು. ಹಾಗಾಗಿ ಬೇಸರವಾಗುವುದು ಸಹಜ. ಸ್ಕೀ ಕೇಂದ್ರಗಳಲ್ಲಿ ಯಾವ ಇಳಿಜಾರನ್ನು ಹದ ಮಾಡಬೇಕು, ಯಾವುದನ್ನು ಯಾವಾಗ ತೆರೆಯಬೇಕು ಎಂದು ಹೇಗೆ ತೀರ್ಮಾನಿಸುತ್ತಾರೆ ಎಂಬುದನ್ನು ಈ ಸಲ ತಿಳಿದುಕೊಳ್ಳೋಣ.

ಒಂದೇ ಬೆಟ್ಟ, ಎರಡು ಬಗೆಯ ಇಳಿಜಾರು

ಗುಲ್ಮಾರ್ಗ್ ಇರುವುದು ಬಾರಾಮುಲ್ಲಾ ಜಿಲ್ಲೆಯಲ್ಲಿ, ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ, ಸುಮಾರು 2,650 ಮೀಟರ್ ಎತ್ತರದಲ್ಲಿ. ಅಲ್ಲಿನ ಗೊಂಡೋಲಾಕ್ಕೆ ಎರಡು ಹಂತಗಳಿವೆ. 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್ಡೋರಿಯವರೆಗೆ ಒಯ್ಯುತ್ತದೆ. 2005ರಲ್ಲಿ ಶುರುವಾದ ಎರಡನೇ ಹಂತ ಅಫರ್ವತ್ ಬೆಟ್ಟದ ಮೇಲ್ಭಾಗಕ್ಕೆ, 3,900 ಮೀಟರಿಗಿಂತ ಎತ್ತರಕ್ಕೆ ಹೋಗುತ್ತದೆ.

ಕೆಳಗೆ ಕಲಿಯುವವರು ಆಡುವ ಜಾಗವನ್ನು ಯಂತ್ರದಿಂದ ಹದ ಮಾಡುತ್ತಾರೆ. ಇದಕ್ಕೆ ಗ್ರೂಮಿಂಗ್ ಎನ್ನುತ್ತಾರೆ. ಅಫರ್ವತ್ ಮಾತ್ರ ಬಹುತೇಕ ಪ್ರಕೃತಿ ಇಟ್ಟಂತೆಯೇ ಇರುವ ಇಳಿಜಾರು. ಮೊದಲನೆಯದನ್ನು ಸಿಬ್ಬಂದಿ ಸಿದ್ಧಪಡಿಸುತ್ತಾರೆ. ಎರಡನೆಯದನ್ನು ಪರೀಕ್ಷೆ ಮಾತ್ರ ಮಾಡಬಹುದು. ಆದ್ದರಿಂದ ಎರಡರ ತೀರ್ಮಾನವೂ ಬೇರೆ ಬೇರೆ.

ಗ್ರೂಮಿಂಗ್: ಕಣ ಮಾಡಿದ ಹಾಗೆ

ಸುಗ್ಗಿಗೆ ಕಣ ಮಾಡುವುದನ್ನು ಕಂಡವರಿಗೆ ಗ್ರೂಮಿಂಗ್ ಬೇಗ ಅರ್ಥವಾಗುತ್ತದೆ. ನೆಲ ಕೆತ್ತಿ, ನೀರು ಚಿಮುಕಿಸಿ, ಗುಂಡು ಉರುಳಿಸಿ, ಸಗಣಿಯಿಂದ ಸಾರಿಸಿ ಒಣಗಲು ಬಿಡುತ್ತೇವೆ. ಒಣಗುವ ಮೊದಲೇ ಕಾಲಿಟ್ಟರೆ ಕಣ ಕೆಟ್ಟಿತು. ಹಿಮದ ಯಂತ್ರವೂ ಹೀಗೆಯೇ. ಮುಂದಿನ ಅಲಗು ದಿಬ್ಬಗಳನ್ನು ತಳ್ಳಿ ಗುಂಡಿ ತುಂಬಿಸುತ್ತದೆ. ಹಿಂದೆ ತಿರುಗುವ ಹಲ್ಲುಗಳು ಗಟ್ಟಿ ಹಿಮವನ್ನು ಪುಡಿ ಮಾಡುತ್ತವೆ. ಕೊನೆಗೆ ಬಾಚಣಿಗೆಯಂಥ ಪಟ್ಟಿ ಅದನ್ನು ಒತ್ತಿ ಸಣ್ಣ ಗೆರೆಗಳನ್ನು ಮೂಡಿಸುತ್ತದೆ. ಪುಡಿಯಾದ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗಲು ಕೆಲವು ಗಂಟೆ ಬೇಕು. ಈ ಕೆಲಸ ಹೆಚ್ಚಾಗಿ ರಾತ್ರಿ ನಡೆಯುವುದು ಅದಕ್ಕೇ.

ಯಂತ್ರಗಳು ಕೆಲವೇ ಇರುತ್ತವೆ, ರಾತ್ರಿಯೂ ಒಂದೇ. ಆದ್ದರಿಂದ ಮೊದಲ ಪಾಳಿ ಕಲಿಯುವವರ ಇಳಿಜಾರಿಗೆ ಮತ್ತು ಎಲ್ಲರೂ ಕೆಳಗೆ ಬರುವ ಮುಖ್ಯ ದಾರಿಗೆ. ರಾತ್ರಿಯಿಡೀ ಹಿಮ ಬೀಳುವಂತಿದ್ದರೆ ಸಂಜೆಯೇ ಹದ ಮಾಡಿದ್ದು ಬೆಳಗಾಗುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಆಗ ನಸುಕಿನವರೆಗೆ ಕಾಯುತ್ತಾರೆ. ಹಿಮ ತೆಳುವಾಗಿದ್ದರೆ ಯಂತ್ರ ಕಲ್ಲುಮಣ್ಣನ್ನು ಮೇಲೆತ್ತುತ್ತದೆ. ಆಗ ಮುಟ್ಟದೆ ಬಿಡುವುದೇ ಲೇಸು. ಹಗಲು ಕರಗಿದ ಒದ್ದೆ ಹಿಮ ರಾತ್ರಿ ಹೆಪ್ಪುಗಟ್ಟಿ ಗಾಜಿನಂತಾಗುತ್ತದೆ. ಆದ್ದರಿಂದ ಯಾವ ಹೊತ್ತಿಗೆ ಯಂತ್ರ ಇಳಿಸಬೇಕು ಎಂಬ ಲೆಕ್ಕ ಮುಖ್ಯ.

ನೈಸರ್ಗಿಕ ಇಳಿಜಾರು: ಕಣ್ಣಿಗೆ ಕಾಣದ ಪದರ

ಮೇಲಿನ ಬೆಟ್ಟದಲ್ಲಿ ಮೊದಲ ಪ್ರಶ್ನೆ ಬಂಡೆ, ಪೊದೆಗಳನ್ನು ಮುಚ್ಚುವಷ್ಟು ಹಿಮ ಇದೆಯೇ ಎಂಬುದು. ಎರಡನೆಯದು, ಮುಚ್ಚಿದ ಹಿಮ ನಿಲ್ಲುತ್ತದೆಯೇ ಎಂಬುದು.

ಹಿಮ ಒಂದೇ ಸಲ ಬೀಳುವುದಿಲ್ಲ, ಪದರ ಪದರವಾಗಿ ಕೂರುತ್ತದೆ. ಚಳಿಗಾಲದ ಆರಂಭದಲ್ಲಿ ತೆಳುವಾಗಿ ಬಿದ್ದ ಹಿಮ, ಮೋಡವಿಲ್ಲದ ಕೊರೆಯುವ ಚಳಿಯಲ್ಲಿ ವಾರಗಟ್ಟಲೆ ಉಳಿದರೆ, ಸಕ್ಕರೆಯಂತೆ ಬಿಡಿಬಿಡಿ ಹರಳಾಗುತ್ತದೆ. ಅದರ ಮೇಲೆ ಆಮೇಲೆ ದಪ್ಪ ಹಿಮ ಬಿದ್ದರೆ, ಓರೆಯಾಗಿಟ್ಟ ಮೊರದಲ್ಲಿ ರಾಗಿ ಹರಡಿ ಮೇಲೆ ಹಲಗೆ ಇಟ್ಟಂತೆ. ಒಬ್ಬ ಮನುಷ್ಯನ ಭಾರ ಬಿದ್ದರೂ ಹಲಗೆ ಜಾರಬಹುದು. ಇದೇ ಹಿಮಕುಸಿತ. ಸಾಮಾನ್ಯವಾಗಿ ಇದು ಆಗುವುದು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ. ಪಳಗಿದ ಸ್ಕೀಯರ್‌ಗಳು ಹುಡುಕಿಕೊಂಡು ಹೋಗುವುದೂ ಅಂಥ ಇಳಿಜಾರನ್ನೇ.

ಗಾಳಿಯದು ಇನ್ನೊಂದು ಲೆಕ್ಕ. ರಾಶಿ ತೂರುವಾಗ ಹೊಟ್ಟು ಗಾಳಿ ಹೋಗುವ ದಿಕ್ಕಿನಲ್ಲಿ ಗುಡ್ಡೆ ಬೀಳುತ್ತದಲ್ಲ, ಹಾಗೆಯೇ ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಎತ್ತಿ ಮರೆಯ ಮಗ್ಗುಲಿಗೆ ಸುರಿಯುತ್ತದೆ. ಆಕಾಶದಿಂದ ಒಂದು ಅಡಿ ಬಿದ್ದ ಕಡೆ ಮೂರು ಅಡಿ ಕೂತಿರಬಹುದು. ಬಿರುಗಾಳಿ ನಿಂತ ಮರುದಿನದ ಬಿಸಿಲು ನಮಗೆ ಆಹ್ವಾನದಂತೆ ಕಾಣುತ್ತದೆ. ಹೊಸ ಭಾರ ಇನ್ನೂ ನೆಲೆಗೊಳ್ಳದ ಆ ಬೆಳಗೇ ಹೆಚ್ಚು ಅಪಾಯದ್ದು.

ತೆರೆಯುವ ಮೊದಲು ಏನು ಮಾಡುತ್ತಾರೆ?

ಸ್ಕೀ ಗಸ್ತು ತಂಡದವರು ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಚಳಿ ಎಷ್ಟಿತ್ತು ಎಂದು ನೋಡುತ್ತಾರೆ. ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ತಟ್ಟಿ ಪರೀಕ್ಷಿಸುತ್ತಾರೆ. ಅನುಮಾನವಿದ್ದರೆ ಹಲವು ಕೇಂದ್ರಗಳಲ್ಲಿ ಜನರಿಲ್ಲದಾಗ ಸಿಡಿಮದ್ದು ಸಿಡಿಸಿ, ಬೀಳುವ ಹಿಮವನ್ನು ಮೊದಲೇ ಬೀಳಿಸುತ್ತಾರೆ. ನಮ್ಮ ದೇಶದಲ್ಲಿ ಡಿಆರ್‌ಡಿಒದ ಭಾಗವಾದ, ಚಂಡೀಗಢದಲ್ಲಿರುವ ಡಿಜಿಆರ್‌ಇ ಸಂಸ್ಥೆ ಹಿಮಾಲಯಕ್ಕೆ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾರಾದರೂ ಹೂತುಹೋದರೆ ತಲುಪಲು ಜನ ಇದ್ದಾರೆಯೇ? ಹಿಮದಡಿ ಸಿಕ್ಕವರನ್ನು ಸುಮಾರು 15 ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ. ಆಮೇಲೆ ಬೇಗ ಬೇಗ ಕುಸಿಯುತ್ತದೆ. ಸಾಕಷ್ಟು ಜನರಿಲ್ಲದಿದ್ದರೆ ಒಳ್ಳೆಯ ಹಿಮವಿದ್ದರೂ ಒಂದು ಭಾಗವನ್ನಷ್ಟೇ ತೆರೆದು, ಉಳಿದದ್ದಕ್ಕೆ ಹಗ್ಗ ಕಟ್ಟುತ್ತಾರೆ.

ಇದು ಬರೀ ಹೆದರಿಕೆಯ ಮಾತಲ್ಲ. 2023ರ ಫೆಬ್ರವರಿ 1ರಂದು ಅಫರ್ವತ್‌ನಲ್ಲಿ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು. 2024ರ ಜನವರಿಯಲ್ಲಿ ಗುಲ್ಮಾರ್ಗ್ ಹಿಮವಿಲ್ಲದೆ ಬರಿದಾಗಿತ್ತು. ಮರುತಿಂಗಳು ದಟ್ಟವಾಗಿ ಹಿಮ ಬಿತ್ತು; ಫೆಬ್ರವರಿ 22ರಂದು ಹಿಮಕುಸಿತಕ್ಕೆ ಸಿಕ್ಕಿ ರಷ್ಯಾದ ಒಬ್ಬರು ಪ್ರಾಣ ಕಳೆದುಕೊಂಡರು. ಇಂಥ ಸಾವುಗಳಲ್ಲಿ ಹೆಚ್ಚಿನವುಗಳಿಗೆ ಕಾರಣ ಸಿಕ್ಕಿಬಿದ್ದವರ ಅಥವಾ ಅವರ ಜೊತೆಗಾರರ ಭಾರವೇ ಎಂದು ಬೇರೆ ಬೇರೆ ದೇಶಗಳ ಅನುಭವ ಹೇಳುತ್ತದೆ. "ನಮಗಿಂತ ಮುಂಚೆ ನಾಲ್ಕು ಜನ ಹೋದರಲ್ಲ" ಎಂಬುದು ಸುರಕ್ಷತೆಗೆ ಸಾಕ್ಷಿಯಲ್ಲ; ಐದನೆಯವರ ಕಾಲಡಿಯಲ್ಲೇ ಪದರ ಮುರಿಯಬಹುದು.

ಹೊರಡುವ ಸದಸ್ಯರಿಗೆ

ಎರಡನೇ ಹಂತದ ಟಿಕೆಟ್ ತೆಗೆದುಕೊಂಡವರು ಒಂದು ದಿನ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಮೊದಲ ಸಲ ಸ್ಕೀ ಕಟ್ಟುವವರಿಗೆ ಕೆಳಗಿನ ಹದ ಮಾಡಿದ ಇಳಿಜಾರೇ ಸಾಕು, ಸಂತೋಷವೂ ಅಲ್ಲೇ ಹೆಚ್ಚು. ಮೇಲೆ ಹೋದವರು ಹಗ್ಗ ದಾಟಬೇಡಿ. ಬಿದ್ದಿರುವ ಹೆಜ್ಜೆ ಗುರುತನ್ನು ನಂಬಿ ಹೋಗಬೇಡಿ. ಬಂದ್ ಎಂದರೆ "ಏಕೆ?" ಎಂದು ಗಸ್ತಿನವರನ್ನು ವಿನಯದಿಂದ ಕೇಳಿ. ಗಾಳಿಯೋ, ಹೊಸ ಹಿಮವೋ, ಜನ ಸಾಲದೋ ಎಂದು ಗೊತ್ತಾದರೆ ನಾಳೆಯ ಯೋಜನೆ ಹಾಕಿಕೊಳ್ಳುವುದು ಸುಲಭ.

ನಿಮ್ಮ ಊರಿನಿಂದ ಕಾಶ್ಮೀರಕ್ಕೆ ಹೊರಟ ತಂಡಗಳಿದ್ದರೆ ಈ ಬರಹವನ್ನು ಅವರಿಗೂ ತಲುಪಿಸಿ. ಹೋದವರೆಲ್ಲ ಸುಖವಾಗಿ ಹಿಂತಿರುಗಿ, ಮುಂದಿನ ಸಭೆಯಲ್ಲಿ ತಮ್ಮ ಅನುಭವ ಹಂಚಿಕೊಳ್ಳಲಿ ಎಂಬುದೇ ನಮ್ಮ ಹಾರೈಕೆ.