ಸೂರಿನ ಕೆಳಗಿನ ದೊರೆ

ಸ್ಟೀವ್ ಜುಂಗುಲ್ ಅನ್ನೋ ಹೆಸರು ಕೇಳಿದ್ದೀರಾ? ಫುಟ್ಬಾಲ್ ಅಂದ್ರೆ ಪ್ರಾಣ ಬಿಡೋರನ್ನೇ ಕೇಳಿ ನೋಡಿ. ಪೆಲೆ ಗೊತ್ತು, ಮರಡೋನಾ ಗೊತ್ತು, ಮೆಸ್ಸಿಯಂತೂ ಮನೆಮಗ. ಜುಂಗುಲ್? ಯಾರ್ರೀ ಅದು ಅಂತಾರೆ. ಈ ಮನುಷ್ಯ 1980-81ರ ಒಂದೇ ಸೀಸನ್ನಿನಲ್ಲಿ, ಬರೀ 40 ಪಂದ್ಯಗಳಲ್ಲಿ 108 ಗೋಲು ಹೊಡೆದವನು. ಹೌದು, ನೂರಾ ಎಂಟು. ಜಪಮಾಲೆಯ ಮಣಿಗಳಷ್ಟು.

ಇಷ್ಟು ಹೊಡೆದವನ ಹೆಸರು ನಮಗೆ ಯಾಕೆ ಗೊತ್ತಿಲ್ಲ? ಅದನ್ನ ಹೇಳೋದಕ್ಕೇ ಇವತ್ತು ಕೂತಿದ್ದೀನಿ.

ಹುಟ್ಟಿದ್ದು 1954ರಲ್ಲಿ, ಆಗಿನ ಯುಗೊಸ್ಲಾವಿಯಾದಲ್ಲಿ. ಊರಿನ ಹೆಸರು ಪೊಝಾರೆವಾಟ್ಸ್, ಈಗ ಅದು ಸರ್ಬಿಯಾದಲ್ಲಿದೆ. ಅಪ್ಪ ಅಮ್ಮ ಇಟ್ಟ ಹೆಸರು ಸ್ಲಾವಿಶಾ. ಸ್ಟೀವ್ ಆಗಿದ್ದು ಅಮೆರಿಕಕ್ಕೆ ಹೋದ ಮೇಲೆ. ಏಡ್ರಿಯಾಟಿಕ್ ಕಡಲ ದಂಡೆಯ ಹೈದುಕ್ ಸ್ಪ್ಲಿಟ್ ಕ್ಲಬ್ಬಿನಲ್ಲಿ ಮುಂದಾಳು ಆಟಗಾರ, ಅಂದ್ರೆ ಫಾರ್ವರ್ಡ್. ಆ ಕ್ಲಬ್ಬು 1970ರ ದಶಕದಲ್ಲಿ ಲೀಗ್ ಗೆಲ್ತು, ಕಪ್ ಗೆಲ್ತು. ಜುಂಗುಲ್ ದೇಶದ ತಂಡಕ್ಕೂ 14 ಪಂದ್ಯ ಆಡಿದ. ಅಲ್ಲಿಗೆ ಎಲ್ಲ ಸರಿಯಾಗೇ ಇತ್ತು.

ಸರಿಯಿಲ್ಲದೇ ಇದ್ದದ್ದು ಒಂದು ನಿಯಮ. ಯುಗೊಸ್ಲಾವಿಯಾದ ಆಟಗಾರ 28 ವರ್ಷ ತುಂಬೋವರೆಗೂ ಹೊರದೇಶದ ಕ್ಲಬ್ಬಿಗೆ ಹೋಗೋ ಹಾಗಿಲ್ಲ. ಜೊತೆಗೆ ಕಡ್ಡಾಯ ಸೇನಾ ಸೇವೆ ಬೇರೆ. ಯೋಚನೆ ಮಾಡಿ, ಫಾರ್ವರ್ಡ್ ಆಟಗಾರನ ಕಾಲಿನ ಕಸುವು ಇರೋದೇ ಇಪ್ಪತ್ತರಿಂದ ಮೂವತ್ತರವರೆಗೆ. ಅದರಲ್ಲಿ ಎಂಟು ವರ್ಷ ಸರ್ಕಾರದ ಪಾಲು! 1978ರ ಕೊನೆಯಲ್ಲಿ 24 ವರ್ಷದ ಜುಂಗುಲ್ ಪಾಪ್ ಗಾಯಕಿ ಗೆಳತಿಯ ಜೊತೆ ಪ್ರವಾಸ ಅಂತ ನ್ಯೂಯಾರ್ಕಿಗೆ ಹೊರಟ. ಹೋದವನು ಹಿಂದಕ್ಕೆ ಬರಲಿಲ್ಲ.

ಈಗ ಸ್ವಲ್ಪ ಕಾನೂನು ನೋಡೋಣ, ಇಲ್ಲಾಂದ್ರೆ ಕಥೆ ಅರ್ಥ ಆಗೋಲ್ಲ. ಫುಟ್ಬಾಲ್ ಆಟಗಾರ ಒಂದು ದೇಶದ ಕ್ಲಬ್ ಬಿಟ್ಟು ಇನ್ನೊಂದು ದೇಶಕ್ಕೆ ಹೋಗಬೇಕಾದ್ರೆ, ಬಿಟ್ಟ ದೇಶದ ಫೆಡರೇಷನ್ನು ‘ನಮ್ಮ ಅಭ್ಯಂತರ ಇಲ್ಲ’ ಅಂತ ಒಂದು ಕಾಗದ ಕೊಡಬೇಕು. ನಮ್ಮ ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದಾಗಲೂ ಬೇಕಾಗಿದ್ದದ್ದು ಇಂಥದ್ದೇ ಕಾಗದ. ಜುಂಗುಲ್‌ಗೆ ಯುಗೊಸ್ಲಾವಿಯಾ ಅದನ್ನ ಕೊಡಲಿಲ್ಲ. ಫಿಫಾ ಯುಗೊಸ್ಲಾವಿಯಾದ ಪರ ನಿಂತಿತು. ಫಿಫಾ ಮಾತಿಗೆ ಬದ್ಧವಾಗಿರೋ ಯಾವ ಲೀಗೂ ಅವನನ್ನ ಆಡಿಸೋ ಹಾಗಿಲ್ಲ. ಆಗ ಪಕ್ಕದ ನ್ಯೂಜೆರ್ಸಿಯ ದೊಡ್ಡ ಮೈದಾನದಲ್ಲಿ ಬೆಕೆನ್‌ಬಾವರ್ ಥರದವರು ಕಾಸ್ಮೋಸ್ ಪರ ಆಡ್ತಿದ್ದರು. ಅದೇ ಮಹಾನಗರದ ಸುತ್ತಮುತ್ತ ಇದ್ದೂ ಇವನಿಗೆ ಆ ಹುಲ್ಲಿನ ಮೇಲೆ ಕಾಲಿಡೋಕಾಗಲಿಲ್ಲ.

ಆದ್ರೆ ಒಂದು ಕಿಂಡಿ ಇತ್ತು. 1978ರ ಡಿಸೆಂಬರಿನಲ್ಲೇ ಅಮೆರಿಕದಲ್ಲಿ ಮೇಜರ್ ಇಂಡೋರ್ ಸಾಕರ್ ಲೀಗ್ ಅಂತ ಹೊಸದೊಂದು ಶುರುವಾಯ್ತು. ಅದು ಫಿಫಾ ಸೂರಿನ ಕೆಳಗೆ ಇರಲಿಲ್ಲ. ಕಾಗದ ಕೇಳೋರೇ ಇಲ್ಲ! ನ್ಯೂಯಾರ್ಕ್ ಆರೋಸ್ ತಂಡ ಜುಂಗುಲ್‌ನನ್ನ ಕರ್ಕೊಂಡಿತು. 2007ರಲ್ಲಿ ಶುರುವಾದ ಇಂಡಿಯನ್ ಕ್ರಿಕೆಟ್ ಲೀಗ್ ನೆನಪಿದೆಯಲ್ಲ? ಅಲ್ಲಿಗೆ ಹೋದವರಿಗೆ ಬಿಸಿಸಿಐ ಬಾಗಿಲು ಮುಚ್ಚಿತು, 2009ರಲ್ಲಿ ಕ್ಷಮೆ ಕೊಟ್ಟು ತೆಗೆಯಿತು. ಜುಂಗುಲ್ ಕಥೆ ಉಲ್ಟಾ. ಮೊದಲು ಬಾಗಿಲು ಮುಚ್ಚಿತು, ಆಮೇಲೆ ಅವನು ಉಳಿದಿದ್ದ ಒಂದೇ ಮನೆಗೆ ಹೋದ.

ಆ ಒಳಾಂಗಣ ಆಟ ಹೇಗಿರುತ್ತೆ ಅಂತ ನಮ್ಮ ಸ್ಪೋರ್ಟ್ಸ್ ಡೆಸ್ಕಿನ ಹುಡುಗ ಕೇಳಿದ. ಬೆಂಗಳೂರಿನ ಟೆರೇಸ್ ಮೇಲೆ ಬಲೆ ಕಟ್ಟಿ, ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡ್ತಾರಲ್ಲ ಟರ್ಫು, ಹೆಚ್ಚುಕಡಿಮೆ ಅಂಥದ್ದೇ ಅನ್ಕೊಳ್ಳಿ, ಆದ್ರೆ ಬಲೆ ಇಲ್ಲ, ಗೋಡೆ ಇದೆ. ಐಸ್ ಹಾಕಿ ಆಡೋ ಅಂಗಳಕ್ಕೆ ಕೃತಕ ಹುಲ್ಲು ಹಾಸ್ತಾರೆ. ಸುತ್ತ ಹಲಗೆ ಗೋಡೆ. ಗೋಲ್‌ಕೀಪರ್ ಸೇರಿ ಒಂದು ಕಡೆಗೆ ಆರೇ ಜನ. 15 ನಿಮಿಷದ ನಾಲ್ಕು ಭಾಗ. ಆಟ ನಡೀತಿರುವಾಗಲೇ ಒಬ್ಬ ಓಡಿ ಹೊರಗೆ, ಇನ್ನೊಬ್ಬ ಹಾರಿ ಒಳಗೆ. ತಪ್ಪು ಮಾಡಿದವನು ಎರಡು ನಿಮಿಷ ಪಕ್ಕದ ಡಬ್ಬಿಯಲ್ಲಿ ಕೂರಬೇಕು. ಚೆಂಡು ಗೋಡೆಗೆ ಬಡಿದ್ರೆ ಹೊರಗೆ ಹೋದ ಹಾಗಲ್ಲ, ವಾಪಸ್ ಬರುತ್ತೆ. ಅದೇ ಈ ಆಟದ ಗುಟ್ಟು. ಕೇರಂನಲ್ಲಿ ರೀಬೌಂಡ್ ಹೊಡೆಯೋ ಕೈ ಯಾರದ್ದು ಚೆನ್ನಾಗಿರುತ್ತೋ ಅವನಿಗೆ ಇದು ಬೇಗ ಅರ್ಥ ಆಗುತ್ತೆ. ಚೆಂಡು ಈಗ ಎಲ್ಲಿದೆ ಅನ್ನೋದಲ್ಲ, ಗೋಡೆಗೆ ತಾಗಿ ಎಲ್ಲಿಗೆ ಬರುತ್ತೆ ಅನ್ನೋದು ಮುಖ್ಯ. ಅಲ್ಲಿ ಮೊದಲೇ ಹೋಗಿ ನಿಂತು, ಕೀಪರ್ ಕಣ್ಣು ಮಿಟುಕಿಸೋದರೊಳಗೆ ಹೊಡೀಬೇಕು. ನಿಲ್ಲಿಸಿ, ನೋಡಿ, ಗುರಿ ಇಟ್ಟು ಹೊಡೀತೀನಿ ಅಂದ್ರೆ ಅಷ್ಟರಲ್ಲಿ ಇಬ್ಬರು ಮೈಮೇಲೆ ಬಿದ್ದಿರ್ತಾರೆ.

ಜುಂಗುಲ್ ಇದರಲ್ಲಿ ರಾಕ್ಷಸ. ಮೊದಲ ನಾಲ್ಕು ಚಾಂಪಿಯನ್‌ಷಿಪ್, 1979ರಿಂದ 1982ರವರೆಗೆ, ಸಾಲಾಗಿ ಆರೋಸ್‌ಗೇ. ಅಮೆರಿಕದವರು ಅವನಿಗೆ ‘ಲಾರ್ಡ್ ಆಫ್ ಆಲ್ ಇಂಡೋರ್ಸ್’ ಅಂತ ಬಿರುದು ಕೊಟ್ಟರು. ಒಳಾಂಗಣಗಳ ದೊರೆ.

ಆದ್ರೆ ಒಂದು ಮಾತು ಹೇಳಿಬಿಡ್ತೀನಿ. ಆ 108 ಗೋಲನ್ನ ತಂದು ಮೆಸ್ಸಿ ಗೋಲುಗಳ ಪಕ್ಕ ಇಟ್ಟು ತೂಗೋದು ನನಗೆ ಒಪ್ಪಿಗೆ ಇಲ್ಲ. ಚಿಕ್ಕ ಅಂಗಳ, ಪಂದ್ಯಕ್ಕೆ ಹತ್ತು ಹನ್ನೆರಡು ಗೋಲು ಬೀಳೋ ಆಟ ಅದು. ನನಗೆ ಹೊಟ್ಟೆ ಉರಿಸೋ ಲೆಕ್ಕ ಬೇರೆ ಇದೆ. 1981-82ರ ಸೀಸನ್ನಿನಲ್ಲಿ ಜುಂಗುಲ್ ಸೂರಿನ ಕೆಳಗೆ 103 ಗೋಲು ಹೊಡೆದ. ಅದೇ ಬೇಸಿಗೆಯಲ್ಲಿ ಸ್ಪೇನಿನಲ್ಲಿ ವಿಶ್ವಕಪ್. ಯುಗೊಸ್ಲಾವಿಯಾ ಆಡಿತು, ಮೂರು ಪಂದ್ಯದಲ್ಲಿ ಎಷ್ಟು ಗೋಲು ಗೊತ್ತಾ? ಎರಡು. ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು. ಅವನಿದ್ದಿದ್ರೆ ಗೆಲ್ತಿತ್ತು ಅಂತ ನಾನು ಹೇಳಲ್ಲ. ಅವನಿದ್ದಿದ್ರೆ ಏನಾಗ್ತಿತ್ತು ಅಂತ ನೋಡೋ ಅವಕಾಶವೇ ಯಾರಿಗೂ ಸಿಗಲಿಲ್ಲ. ದೇಶದ ಪರ ಅವನ ಲೆಕ್ಕ 14 ಪಂದ್ಯಕ್ಕೇ ನಿಂತುಹೋಯ್ತು.

ಗೋಡೆಯ ಆಟಗಾರ, ಹುಲ್ಲಿನ ಮೇಲೆ ಏನೂ ಆಗೋಲ್ಲ ಅನ್ನೋರೂ ಇರ್ತಾರಲ್ಲ? ಅವರಿಗೆ ಉತ್ತರ ಸಿಕ್ಕಿದ್ದು 1983ರ ನಂತರ. ಕೊನೆಗೂ ದಾರಿ ತೆರೆದು ಕ್ಯಾಲಿಫೋರ್ನಿಯಾದ ಗೋಲ್ಡನ್ ಬೇ ಅರ್ತ್‌ಕ್ವೇಕ್ಸ್ ಪರ ಹೊರಾಂಗಣಕ್ಕಿಳಿದ. 1984ರಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗಿನಲ್ಲಿ 20 ಗೋಲು ಹೊಡೆದ. ಅಂಕಪಟ್ಟಿಯಲ್ಲಿ ಅವನೇ ಮೊದಲು, ಆ ವರ್ಷದ ಅತ್ಯಮೂಲ್ಯ ಆಟಗಾರನೂ ಅವನೇ. ಲೀಗ್ ಆಗ ಒಂಬತ್ತು ತಂಡಕ್ಕೆ ಇಳಿದು ಬಡವಾಗಿತ್ತು, ನಿಜ. ಆದ್ರೂ ಮೂವತ್ತರ ವಯಸ್ಸಲ್ಲಿ, ಐದು ವರ್ಷ ಗೋಡೆಗಳ ಮಧ್ಯೆ ಕಳೆದು ಬಂದವನು! ಹುಲ್ಲು ಸಿಕ್ಕಿತು ಅನ್ನೋವಷ್ಟರಲ್ಲಿ ಆ ಲೀಗೇ ಮುಚ್ಚಿಹೋಯ್ತು. 1984ರ ಸೀಸನ್ನೇ ಅದಕ್ಕೆ ಕೊನೆ.

ಮತ್ತೆ ಒಳಗೇ. ಸ್ಯಾನ್ ಡಿಯಾಗೊ ಸಾಕರ್ಸ್ ಸೇರಿ 1985ರಲ್ಲಿ ಚಾಂಪಿಯನ್. ನಂತರ ಟಕೋಮಾ, ಮತ್ತೆ ಸ್ಯಾನ್ ಡಿಯಾಗೊ. 1990ರಲ್ಲಿ ಆಟ ಬಿಟ್ಟಾಗ ಆ ಲೀಗಿನಲ್ಲಿ ಅವನ ಹೆಸರಲ್ಲಿದ್ದದ್ದು 652 ಗೋಲು. ಎರಡು ವರ್ಷಕ್ಕೆ ಲೀಗೂ ಹೋಯ್ತು, ಅವನನ್ನ ತಡೆದಿದ್ದ ಯುಗೊಸ್ಲಾವಿಯಾ ಅನ್ನೋ ದೇಶವೂ ಒಡೆದು ಚೂರಾಯ್ತು.

ಅಮೆರಿಕದ ನ್ಯಾಷನಲ್ ಸಾಕರ್ ಹಾಲ್ ಆಫ್ ಫೇಮ್ ಅವನ ಹೆಸರು ಸೇರಿಸಿಕೊಂಡಿದ್ದು 2023ರಲ್ಲಿ. ಆಗ ಸ್ಟೀವ್ ಜುಂಗುಲ್‌ಗೆ 68 ವರ್ಷ.