ಒಂದು ದೊಡ್ಡದು, ಇನ್ನೊಂದು ಸಣ್ಣದು: ಯಾಕೆ?

ಕಿರುಪರೀಕ್ಷೆಯಲ್ಲಿ ಐಸೊಗಮಿ, ಅನೈಸೊಗಮಿ, ಊಗಮಿ ಮೂರಕ್ಕೂ ಉದಾಹರಣೆ ಬರೆದು ಪೂರ್ತಿ ಅಂಕ ಪಡೆದಿದ್ದೆ. ಉತ್ತರಪತ್ರಿಕೆ ಕೊಡುವಾಗ ಜೀವಶಾಸ್ತ್ರದ ಮೇಡಂ, "ಅಂಡಾಣು ದೊಡ್ಡದು, ವೀರ್ಯಾಣು ಸಣ್ಣದು ಅಂತ ಬರೆದಿದ್ದೀಯ. ಯಾಕೆ ಹಾಗೆ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನುಷ್ಯರ ಅಂಡಾಣುವಿನ ಅಡ್ಡಳತೆ ಸುಮಾರು 0.1 ಮಿಲಿಮೀಟರ್. ವೀರ್ಯಾಣುವಿನ ತಲೆಯ ಉದ್ದ ಅದರ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ. ಆದರೆ ಎಲ್ಲ ಜೀವಿಗಳಲ್ಲೂ ಹೀಗಿಲ್ಲ. ಒಂದೇ ಕೋಶದ ಪಾಚಿಯಾದ ಕ್ಲಾಮಿಡೋಮೊನಾಸ್‌ನ ಹಲವು ಪ್ರಭೇದಗಳಲ್ಲಿ ಕೂಡುವ ಎರಡೂ ಗ್ಯಾಮೀಟ್‌ಗಳು ಒಂದೇ ಗಾತ್ರದವು. ಅಲ್ಲಿ ಗಂಡು, ಹೆಣ್ಣು ಎನ್ನುವುದಿಲ್ಲ. ಪ್ಲಸ್, ಮೈನಸ್ ಎನ್ನುತ್ತಾರೆ.

ಹಾಗಾದರೆ ಗಾತ್ರದ ವ್ಯತ್ಯಾಸ ಎಲ್ಲಿಂದ ಬಂತು? 1972ರಲ್ಲಿ ಪಾರ್ಕರ್, ಬೇಕರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಕೊಟ್ಟ ವಿವರಣೆಯನ್ನು ನಾನು ಅರ್ಥ ಮಾಡಿಕೊಂಡದ್ದು ರೊಟ್ಟಿ ಹಿಟ್ಟಿನ ಲೆಕ್ಕದಲ್ಲಿ. ಹಿಟ್ಟು ಇರುವುದು ಇಷ್ಟೇ. ದೊಡ್ಡ ಉಂಡೆ ಮಾಡಿದರೆ ಸಂಖ್ಯೆ ಕಡಿಮೆ, ಸಣ್ಣ ಉಂಡೆ ಮಾಡಿದರೆ ಸಂಖ್ಯೆ ಹೆಚ್ಚು. ಗ್ಯಾಮೀಟ್‌ಗಳೂ ಹಾಗೆಯೇ. ಸಣ್ಣವು ಬಹಳ ಇರುವುದರಿಂದ ಜೊತೆ ಸಿಗುವ ಅವಕಾಶ ಹೆಚ್ಚು. ಆದರೆ ಎರಡು ಸಣ್ಣವೇ ಕೂಡಿದರೆ ಯುಗ್ಮಜಕ್ಕೆ ಬೆಳೆಯಲು ಆಹಾರ ಸಾಲದು. ದೊಡ್ಡದು ಮಾತ್ರ ಸಣ್ಣದರೊಡನೆ ಕೂಡಿದರೂ ಯುಗ್ಮಜವನ್ನು ಉಳಿಸಬಲ್ಲದು. ಮಧ್ಯಮ ಗಾತ್ರದವುಗಳಿಗೆ ಸಂಖ್ಯೆಯ ಲಾಭವೂ ಇಲ್ಲ, ದಾಸ್ತಾನಿನ ಲಾಭವೂ ಇಲ್ಲ. ಹೀಗೆ ತಲೆಮಾರುಗಳು ಕಳೆದಂತೆ ಎರಡು ತುದಿಗಳಷ್ಟೇ ಉಳಿದವು.

ದೇಹ ದೊಡ್ಡದಾದಷ್ಟೂ ಯುಗ್ಮಜಕ್ಕೆ ಹೆಚ್ಚು ಬಂಡವಾಳ ಬೇಕು. ಕ್ಲಾಮಿಡೋಮೊನಾಸ್‌ನ ಬಂಧುವಾದ ವಾಲ್ವಾಕ್ಸ್ ನೂರಾರು, ಸಾವಿರಾರು ಕೋಶಗಳ ಗೋಳ. ಅದರಲ್ಲಿ ದೊಡ್ಡ ಅಂಡಾಣು, ಸಣ್ಣ ವೀರ್ಯಾಣು ಬೇರೆಬೇರೆಯಾಗಿಯೇ ಇವೆ. ಈ ವಿವರಣೆಗೆ ಇದು ಹೊಂದಿಕೊಳ್ಳುತ್ತದೆ. ಇದೊಂದೇ ವಿವರಣೆಯಲ್ಲ; ಬೇರೆ ವಾದಗಳೂ ಇವೆ.

ಇದನ್ನು ಓದಿದ ಮೇಲೆ ನನ್ನ ಒಂದು ತಪ್ಪು ಕಲ್ಪನೆ ಹೋಯಿತು. ವೀರ್ಯಾಣು ಓಡುತ್ತದೆ, ಗೆಲ್ಲುತ್ತದೆ. ಅಂಡಾಣು ಸುಮ್ಮನೆ ಕಾಯುತ್ತದೆ ಎಂದೇ ತಿಳಿದಿದ್ದೆ. ನಿಜವಾಗಿ ಭ್ರೂಣದ ಮೊದಲ ದಿನಗಳ ಖರ್ಚು ಬಹುಮಟ್ಟಿಗೆ ಅಂಡಾಣುವಿನ ದಾಸ್ತಾನಿನಿಂದ ನಡೆಯುತ್ತದೆ. ನಮ್ಮ ಮೈಟೊಕಾಂಡ್ರಿಯಾಗಳೂ ತಾಯಿಯಿಂದಲೇ ಬಂದವು.

ಇನ್ನೊಂದು ವಿಷಯ. ಜೀವಶಾಸ್ತ್ರದಲ್ಲಿ ಸಣ್ಣ ಗ್ಯಾಮೀಟ್ ಕೊಡುವುದು ಗಂಡು, ದೊಡ್ಡದನ್ನು ಕೊಡುವುದು ಹೆಣ್ಣು. ಆ ಪದಗಳಿಗೆ ಅಲ್ಲಿ ಇರುವ ಅರ್ಥ ಅಷ್ಟೇ. ಕಡಲಕುದುರೆಯಲ್ಲಿ ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ಹೆರುವುದು ಗಂಡು. ಆದರೂ ಅದು ಗಂಡೇ, ಏಕೆಂದರೆ ಅದು ಕೊಡುವುದು ವೀರ್ಯಾಣು. ಯಾರು ಬಲಶಾಲಿ, ಯಾರು ಬುದ್ಧಿವಂತರು ಎಂಬುದನ್ನು ಗ್ಯಾಮೀಟಿನ ಗಾತ್ರ ಹೇಳುವುದಿಲ್ಲ.

ಮೇಡಂ ಕೇಳಿದ ಪ್ರಶ್ನೆಗೆ ಅಂಕ ಇರಲಿಲ್ಲ. ಆದರೆ ಬಾಯಿಪಾಠ ಮಾಡಿದ ಆ ಮೂರು ಪದಗಳು ನನಗೆ ಅರ್ಥವಾದದ್ದು ಅದರಿಂದಲೇ.